ಹಳೆಯ ಮಸ್ಟಾಂಗ್ ದಿನಾ ಓಡೀತೇ?

ಪ್ರಶ್ನೆ: ಅಮೆರಿಕದಲ್ಲಿ 1966ರ ಫೋರ್ಡ್ ಮಸ್ಟಾಂಗ್ ಕಾರನ್ನು ದಿನಾ ಆಫೀಸಿಗೆ ಓಡಿಸುವವರಿದ್ದಾರಂತೆ. ಅಷ್ಟು ಹಳೆಯ ಗಾಡಿಯನ್ನು ನಂಬಬಹುದೇ?

ಉತ್ತರ: ನಂಬಬಹುದು, ಆದರೆ ಎಂಜಿನ್‌ಗಿಂತ ಮೊದಲು ಬ್ರೇಕಿಗೆ ಕೈಹಾಕಬೇಕು. ಆ ಮಾದರಿಯಲ್ಲಿ ನಾಲ್ಕೂ ಚಕ್ರಗಳ ಬ್ರೇಕಿಗೆ ಒಂದೇ ಹೈಡ್ರಾಲಿಕ್ ಜಾಲ. ಎಲ್ಲೋ ಒಂದು ಪೈಪು ಒಡೆದರೆ ಪೆಡಲ್ ಒತ್ತಿದರೂ ಗಾಡಿ ನಿಲ್ಲದು. ಆಗ ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ. 1967ರ ಮಾದರಿಯಲ್ಲಿ ಫೋರ್ಡ್ ಮುಂದಿನ, ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಜಾಲ ಕೊಟ್ಟಿತು. ಹಳೆಯ ಗಾಡಿಗೂ ಅಂಥ ಜೋಡಿ ಮಾಸ್ಟರ್ ಸಿಲಿಂಡರನ್ನು, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕನ್ನು ಕೂರಿಸುವುದು ನನ್ನ ಮಟ್ಟಿಗೆ ಕಡ್ಡಾಯ. ಮೂಲ ಸೀಟ್‌ಬೆಲ್ಟ್ ಸೊಂಟಕ್ಕಷ್ಟೇ. ಹೆಗಲಿಗೂ ಬರುವಂಥದ್ದನ್ನು ಹಾಕಿಸಬೇಕು.

ಇನ್ನು ದಾರಿಯಲ್ಲಿ ಕೈಕೊಡುವ ಕಾಯಿಲೆಗಳು. ಹಳೆಯ ಇಗ್ನಿಷನ್‌ನ ಪಾಯಿಂಟುಗಳು ಸವೆಯುತ್ತವೆ, ಗ್ಯಾಪ್ ಮತ್ತೆ ಮತ್ತೆ ಹೊಂದಿಸಬೇಕು. ಎಲೆಕ್ಟ್ರಾನಿಕ್ ಇಗ್ನಿಷನ್ ಈ ಗೋಳನ್ನೇ ತಪ್ಪಿಸುತ್ತದೆ. ಎಥೆನಾಲ್ ಬೆರೆತ ಈಗಿನ ಪೆಟ್ರೋಲ್ ಹಳೆಯ ರಬ್ಬರ್ ಪೈಪುಗಳನ್ನು ಹಾಳುಮಾಡುವುದರಿಂದ ಅವನ್ನೆಲ್ಲ ಬದಲಿಸಬೇಕು. ಟ್ರಾಫಿಕ್‌ನಲ್ಲಿ ಎಂಜಿನ್ ಕಾಯದಂತೆ ದೊಡ್ಡ ರೇಡಿಯೇಟರ್ ಬೇಕು. ಕಾರ್ಬುರೇಟರ್ ಚೆನ್ನಾಗಿದ್ದರೆ ಇರಲಿ ಬಿಡಿ. ಇಂಥ ಕಾರನ್ನು ಶೆಡ್ಡಿನಲ್ಲಿ ಮುಚ್ಚಿಡುವುದಕ್ಕಿಂತ ಓಡಿಸುವುದೇ ಲೇಸು: ನಿಂತ ಗಾಡಿಯಲ್ಲಿ ಸೀಲುಗಳು ಒಣಗುತ್ತವೆ, ಟ್ಯಾಂಕಿನ ಪೆಟ್ರೋಲ್ ಕೆಡುತ್ತದೆ.