ಜಾಲತಾಣ ಕಟ್ಟುವ ಮುನ್ನ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಊರುಗಳಲ್ಲಿ ಅಮಾವಾಸ್ಯೆಯ ರಾತ್ರಿ ಮಠದ ಅಂಗಳದಲ್ಲೋ ಗುಡಿಯ ಕಟ್ಟೆಯ ಮೇಲೋ ಕುಳಿತು ತತ್ತ್ವಪದಗಳನ್ನು ಹಾಡುವ ಭಜನಾ ಮೇಳಗಳು ಇಂದಿಗೂ ಇವೆ. ಏಕತಾರಿ, ದಮ್ಮಡಿ, ತಾಳಗಳ ನಡುವೆ ರಟ್ಟು ಕಿತ್ತುಹೋದ ಒಂದು ನೋಟುಬುಕ್ಕು ಇದ್ದೇ ಇರುತ್ತದೆ. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ, ಹಿಂದೆ ಜೇವರ್ಗಿ ತಾಲ್ಲೂಕಿಗೆ ಸೇರಿದ್ದ ಕಡಕೋಳದಲ್ಲಿ ನೆಲೆನಿಂತ ಮಡಿವಾಳಪ್ಪನವರ ಪದಗಳು, ಅವರ ಶಿಷ್ಯರಾದ ಚನ್ನೂರ ಜಲಾಲಸಾಹೇಬರ, ಖೈನೂರ ಕೃಷ್ಣಪ್ಪನವರ, ತೆಲುಗುಬಾಳ ರೇವಪ್ಪನವರ ಪದಗಳು ಅಚ್ಚಿನ ಸಂಪುಟಗಳಲ್ಲಿ ಎಷ್ಟು ಉಳಿದಿವೆಯೋ ಅಷ್ಟೇ ಈ ನೋಟುಬುಕ್ಕುಗಳಲ್ಲಿಯೂ, ಹಾಡುವವರ ನಾಲಿಗೆಯಲ್ಲಿಯೂ ಉಳಿದಿವೆ. ಇವನ್ನೆಲ್ಲ ಕೂಡಿಸಿ ಎಲ್ಲರಿಗೂ ಸಿಗುವಂತೆ ಒಂದು ಜಾಲತಾಣದಲ್ಲಿ ಇಡಬೇಕೆಂದು ಹಂಬಲಿಸುವ ತರುಣ ಅಧ್ಯಾಪಕರು ನಮ್ಮ ಕಡೆ ಈಗ ಕಾಣಸಿಗುತ್ತಾರೆ. ಅವರು ನನ್ನಂಥ ಹಳಬನ ಬಳಿಗೂ ಬಂದು ಕೇಳುವ ಪ್ರಶ್ನೆ ಒಂದೇ: "ಯಾವುದ್ರಾಗ ಕಟ್ಟಬೇಕ್ರಿ ಸರ್?"

ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಮೊದಲು ಎದುರಾಗುವುದು ವಿಷಯ ನಿರ್ವಹಣಾ ವ್ಯವಸ್ಥೆ ಎಂಬ ಪಾರಿಭಾಷಿಕ ಪದ. ಹೆಸರು ದೊಡ್ಡದಾದರೂ ಅದರ ಹಿಂದಿನ ವಿಚಾರ ಸರಳವಾದುದು. ಟಿಮ್ ಬರ್ನರ್ಸ್-ಲೀ ಅವರ ಮೊದಲ ಜಾಲತಾಣ 1991ರಲ್ಲಿ ಲೋಕಕ್ಕೆ ತೆರೆದುಕೊಂಡಾಗ ಪ್ರತಿಯೊಂದು ಪುಟವನ್ನೂ ಕೈಯಿಂದಲೇ ಸಂಕೇತಗಳ ಸಮೇತ ಬರೆಯಬೇಕಾಗಿತ್ತು. ಮಾತು ಯಾವುದು, ಅಲಂಕಾರ ಯಾವುದು ಎಂಬ ಭೇದವಿಲ್ಲದೆ ಎರಡೂ ಒಂದೇ ಕಡತದಲ್ಲಿ ಹೆಣೆದುಕೊಂಡಿರುತ್ತಿದ್ದವು. ನೂರು ಪುಟಗಳ ತಲೆಬರಹದ ಬಣ್ಣ ಬದಲಿಸಬೇಕಾದರೆ ನೂರು ಪುಟಗಳನ್ನೂ ತಿದ್ದಬೇಕಾಗುತ್ತಿತ್ತು. ವಿಷಯ ನಿರ್ವಹಣಾ ವ್ಯವಸ್ಥೆ ಈ ಎರಡನ್ನೂ ಬೇರ್ಪಡಿಸಿತು. ಬರಹ ಒಂದು ಭಂಡಾರದಲ್ಲಿ ಉಳಿಯುತ್ತದೆ, ಅದು ಕಾಣಿಸಿಕೊಳ್ಳುವ ರೂಪ ಇನ್ನೊಂದೆಡೆ ಇರುತ್ತದೆ. ಜಾತ್ರೆಯ ತೇರನ್ನು ವರ್ಷವರ್ಷವೂ ಹೊಸದಾಗಿ ಸಿಂಗರಿಸಬಹುದು. ಉತ್ಸವಮೂರ್ತಿ ಮಾತ್ರ ಹಳೆಯದೇ. ಹಾಗೆಯೇ ಇಲ್ಲಿಯೂ. ಸಂಕೇತಗಳನ್ನು ಅರಿಯದ ಅಧ್ಯಾಪಕನೂ ಪತ್ರ ಬರೆಯುವಷ್ಟೇ ಸುಲಭವಾಗಿ ಒಂದು ಪದವನ್ನು ಬರೆದು ಪ್ರಕಟಿಸಬಹುದು.

ಇಂಥ ವ್ಯವಸ್ಥೆಗಳು ಹಲವಾರಿವೆ. 2001ರಲ್ಲಿ ಬಂದ ಡ್ರುಪಾಲ್, 2002ರಿಂದ ವಿಕಿಪೀಡಿಯಾಕ್ಕೆ ಆಧಾರವಾಗಿರುವ ಮೀಡಿಯಾವಿಕಿ, 2003ರ ವರ್ಡ್‌ಪ್ರೆಸ್, 2005ರ ಜೂಮ್ಲಾ, ವಸ್ತುಸಂಗ್ರಹಾಲಯ ಮತ್ತು ಗ್ರಂಥಾಲಯಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅಮೆರಿಕದ ಒಂದು ವಿಶ್ವವಿದ್ಯಾಲಯದ ಇತಿಹಾಸಕಾರರು 2008ರಲ್ಲಿ ಹೊರತಂದ ಒಮೆಕಾ ಇವು ಮುಖ್ಯವಾದವು. ಇವೆಲ್ಲ ಮುಕ್ತ ತಂತ್ರಾಂಶಗಳು. ಮುಕ್ತ ಎಂದರೆ ಬರಿಯ ಪುಕ್ಕಟೆ ಎಂದಲ್ಲ. ಅದರ ಒಳರಚನೆಯನ್ನು ಯಾರೂ ನೋಡಬಹುದು, ತಿದ್ದಬಹುದು, ಒಬ್ಬರು ಕೈಬಿಟ್ಟರೆ ಇನ್ನೊಬ್ಬರು ಮುಂದುವರಿಸಬಹುದು. ವರ್ಡ್‌ಪ್ರೆಸ್ ಹುಟ್ಟಿದ್ದೇ ಹಾಗೆ: ಬಿ2 ಎಂಬ ಹಳೆಯ ತಂತ್ರಾಂಶದ ಬೆಳವಣಿಗೆ ನಿಂತುಹೋದಾಗ ಮ್ಯಾಟ್ ಮುಲ್ಲೆನ್‌ವೆಗ್, ಮೈಕ್ ಲಿಟ್ಲ್ ಎಂಬಿಬ್ಬರು ಅದನ್ನೇ ಎತ್ತಿಕೊಂಡು ಬೆಳೆಸಿದರು. ಇಂದು ಜಗತ್ತಿನ ಐದು ಜಾಲತಾಣಗಳಲ್ಲಿ ಸುಮಾರು ಎರಡು ಅದರ ಮೇಲೆ ನಿಂತಿವೆ. ಇವುಗಳ ಜೊತೆಗೆ ಸಣ್ಣ ಸಂಸ್ಥೆಗಳು ತಾವೇ ರಚಿಸಿ, ತಮ್ಮ ಬೀಗದ ಕೈಯಲ್ಲೇ ಇಟ್ಟುಕೊಳ್ಳುವ ಖಾಸಗಿ ವ್ಯವಸ್ಥೆಗಳೂ ಉಂಟು.

ಆ ಬೀಗದ ಕೈಯ ಬೆಲೆ ನನಗೆ ಸ್ವಂತ ಅನುಭವದಿಂದ ತಿಳಿದಿದೆ. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಗಳು ಮೂರೂ ತಾಲ್ಲೂಕು ತಿರುಗಿ ನೂರಾರು ಪದಗಳನ್ನು ಬರೆದುಕೊಂಡು ಬಂದರು. ಒಂದು ಸಂಸ್ಥೆ ತನ್ನದೇ ವ್ಯವಸ್ಥೆಯಲ್ಲಿ ತಾಣ ಕಟ್ಟಿಕೊಟ್ಟಿತು. ನೋಡಲು ಅಂದವಾಗಿತ್ತು, ನಾನೂ ಮೆಚ್ಚಿದೆ. ಮೂರನೆಯ ವರ್ಷ ಆ ಸಂಸ್ಥೆ ಬಾಗಿಲು ಮುಚ್ಚಿತು. ತಾಣದ ಹೆಸರೂ ಗುಪ್ತಪದವೂ ಅವರ ಬಳಿಯೇ ಇದ್ದವು. ಭಂಡಾರದಲ್ಲಿದ್ದ ಪದಗಳನ್ನು ಹೊರತೆಗೆಯುವ ದಾರಿಯನ್ನು ನಾವು ಕೇಳಿಟ್ಟುಕೊಂಡಿರಲಿಲ್ಲ. ಸಂಸ್ಥೆಗಿಂತ ಹೆಚ್ಚಿನ ತಪ್ಪು ನಮ್ಮದೇ ಎಂದು ಈಗ ಅನ್ನಿಸುತ್ತದೆ. ನಾವು ಕೇಳಬೇಕಾಗಿದ್ದ ನಾಲ್ಕು ಪ್ರಶ್ನೆಗಳನ್ನು ಕೇಳಿರಲಿಲ್ಲ. ಆ ನಾಲ್ಕನ್ನು ಇಲ್ಲಿ ಹೇಳುವುದೇ ನನ್ನ ಉದ್ದೇಶ.

ಮೊದಲನೆಯದು, ನಮ್ಮ ಬರಹ ಯಾವ ಅಕ್ಷರಗಳಲ್ಲಿದೆ ಎಂಬುದು. ಕನ್ನಡವೆಲ್ಲ ಒಂದೇ ಅಲ್ಲವೇ ಎಂದು ಕೇಳಬಹುದು. ಗಣಕದ ಮಟ್ಟಿಗೆ ಅಲ್ಲ. ಹಿಂದೆ ಮುದ್ರಣಕ್ಕಾಗಿ ಬೆರಳಚ್ಚು ಮಾಡುತ್ತಿದ್ದ ಫಾಂಟುಗಳಲ್ಲಿ ಗಣಕದೊಳಗೆ ಉಳಿಯುತ್ತಿದ್ದುದು ರೋಮನ್ ಲಿಪಿಯ ಸಂಕೇತಗಳೇ. ಅವುಗಳ ಮೇಲೆ ಕನ್ನಡದ ಚಿತ್ರಗಳನ್ನು ಹೊದಿಸಲಾಗುತ್ತಿತ್ತು. ಆ ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ ಮಡಿವಾಳಪ್ಪನವರ ಪದ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು, ಹುಡುಕಿದರೆ ಸಿಗುತ್ತಿರಲಿಲ್ಲ. ಯೂನಿಕೋಡ್ ಎಂಬ ಜಾಗತಿಕ ಸಂಕೇತಪದ್ಧತಿ 1991ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಮನೆಗಳನ್ನು ಕಾದಿರಿಸಿತು. ಅದರಲ್ಲಿ 'ಕ' ಎಂದರೆ ಜಗತ್ತಿನ ಯಾವ ಯಂತ್ರದಲ್ಲಿಯೂ 'ಕ'ವೇ. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳನ್ನು ಒಂದೊಂದು ಪದ ಹಿಡಿದು ಹುಡುಕಲು ಇಂದು 'ವಚನ ಸಂಚಯ' ತಾಣದಲ್ಲಿ ಸಾಧ್ಯವಾಗಿರುವುದು ಅವು ಯೂನಿಕೋಡಿನಲ್ಲಿ ಇರುವುದರಿಂದಲೇ. ಜೇವರ್ಗಿಯ ಷಣ್ಮುಖಸ್ವಾಮಿಗಳು ಅಖಂಡೇಶ್ವರ ಎಂಬ ಅಂಕಿತದಲ್ಲಿ ರಚಿಸಿದ ವಚನಗಳನ್ನು ಆ ಅಂಕಿತವೊಂದರ ಎಳೆ ಹಿಡಿದೇ ಹುಡುಕಲು ಬರುತ್ತದೆ. ಆದ್ದರಿಂದ ಹಳೆಯ ಫಾಂಟಿನ ಕಡತಗಳಿದ್ದರೆ ವ್ಯವಸ್ಥೆಯ ಹೆಸರನ್ನು ಎತ್ತುವ ಮೊದಲೇ ಅವನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತುಗಳು ಸರಿಯಾಗಿ ಬಂದಿವೆಯೇ ಎಂದು ಕಣ್ಣಿಟ್ಟು ನೋಡಬೇಕು.

ಎರಡನೆಯ ಪ್ರಶ್ನೆ ವಿಷಯದ ಆಕಾರ ಎಂಥದು ಎಂಬುದು. ಸುದ್ದಿ, ಲೇಖನ, ಪ್ರಕಟಣೆಗಳು ದಿನಾಂಕದ ಕ್ರಮದಲ್ಲಿ ಬರುವಂಥವು. ಶಾಲೆ, ಸಂಘ, ಮಠಗಳಿಗೆ ಬೇಕಾದುದು ಬಹುಮಟ್ಟಿಗೆ ಇದೇ. ಅದಕ್ಕೆ ವರ್ಡ್‌ಪ್ರೆಸ್ ಸಾಕು. ತತ್ತ್ವಪದ ಹಾಗಲ್ಲ. ಅದಕ್ಕೊಂದು ಪಲ್ಲವಿ ಇದೆ, ಅಂಕಿತವಿದೆ, ಕರ್ತೃವಿದ್ದಾನೆ, ಹಾಡಿದವರು ಯಾರು, ಯಾವ ಊರಲ್ಲಿ, ಯಾವ ದಿನ ಎಂಬ ವಿವರವಿದೆ, ಧ್ವನಿಮುದ್ರಣವಿದೆ, ಎಲ್ಲಕ್ಕಿಂತ ಹೆಚ್ಚಾಗಿ ಪಾಠಾಂತರಗಳಿವೆ. ಗುರುವಿನ ಪದವನ್ನು ಶಿಷ್ಯನ ಹೆಸರಿನಲ್ಲಿ ಹಾಡುವುದೂ, ಆಳಂದದ ಕಡೆ ಒಂದು ನುಡಿ ಹೆಚ್ಚಾಗಿ ಭೀಮೆಯ ದಂಡೆಯ ಊರುಗಳಲ್ಲಿ ಅದೇ ನುಡಿ ಬಿಟ್ಟುಹೋಗಿರುವುದೂ ಸಾಮಾನ್ಯ. ಇದನ್ನೆಲ್ಲ ಒಂದೇ ಮುದ್ದೆಯಾಗಿ ಪುಟದಲ್ಲಿ ಸುರಿದುಬಿಟ್ಟರೆ, ಈ ಅಂಕಿತದ ಪದಗಳಷ್ಟನ್ನು ತೋರಿಸು, ಈ ಊರಿನಲ್ಲಿ ಸಿಕ್ಕವಷ್ಟನ್ನು ತೋರಿಸು ಎಂದು ಮುಂದೆ ಕೇಳಲು ಬರುವುದಿಲ್ಲ. ಒಂದೊಂದು ವಿವರಕ್ಕೂ ಒಂದೊಂದು ಪ್ರತ್ಯೇಕ ಮನೆ ಬೇಕು. ಡ್ರುಪಾಲಿನಲ್ಲಿ ಅಂಥ ಮನೆಗಳನ್ನು ನಾವೇ ರಚಿಸಿಕೊಳ್ಳಬಹುದು. ವರ್ಡ್‌ಪ್ರೆಸ್ಸಿನಲ್ಲಿ ಹೆಚ್ಚುವರಿ ಸಾಧನಗಳನ್ನು ಸೇರಿಸಿ ಮಾಡಿಕೊಳ್ಳಬಹುದು. ಒಮೆಕಾದಲ್ಲಿ ಅವು ಸಿದ್ಧವಾಗಿಯೇ ಇವೆ. ಅಮೆರಿಕದ ಒಹಾಯೊ ರಾಜ್ಯದ ಡಬ್ಲಿನ್ ಎಂಬ ಊರಿನಲ್ಲಿ 1995ರಲ್ಲಿ ಗ್ರಂಥಪಾಲಕರೂ ಗಣಕತಜ್ಞರೂ ಸೇರಿ ಆರಂಭಿಸಿದ ಚರ್ಚೆಯ ಫಲವಾಗಿ ಕರ್ತೃ, ಶೀರ್ಷಿಕೆ, ದಿನಾಂಕ, ಭಾಷೆ, ಹಕ್ಕು ಮೊದಲಾದ ಹದಿನೈದು ವಿವರಗಳ ಒಂದು ಪಟ್ಟಿ ರೂಪುಗೊಂಡಿತು. ಒಮೆಕಾ ಅದನ್ನೇ ಅನುಸರಿಸುತ್ತದೆ. ಇನ್ನು, ಹಲವರು ಕೂಡಿ ಒಂದು ಪಾಠವನ್ನು ತಿದ್ದುತ್ತ ಹೋಗುವ ಕೆಲಸವಾದರೆ ಮೀಡಿಯಾವಿಕಿ ಉತ್ತಮ. ಯಾರು, ಎಂದು, ಯಾವ ಅಕ್ಷರವನ್ನು ತಿದ್ದಿದರು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಗ್ರಂಥಸಂಪಾದನೆಯ ಶಿಸ್ತು ಬಲ್ಲವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಡಿನಾಡಿನವರಾದ ನಮಗೆ ಭಾಷೆಯ ಪ್ರಶ್ನೆಯೂ ಇದರೊಡನೆ ಸೇರಿಕೊಳ್ಳುತ್ತದೆ. ಗಾಣಗಾಪುರದ ದತ್ತಕ್ಷೇತ್ರಕ್ಕೆ ಬರುವ ಯಾತ್ರಿಕರಲ್ಲಿ ಮರಾಠಿಯವರು ಬಹಳ; ಆಳಂದದ ಲಾಡ್ಲೆ ಮಶಾಕ್ ದರ್ಗಾದ ಸುತ್ತ ಉರ್ದು ಮಾತು ಕೇಳುತ್ತದೆ. ಒಂದೇ ಪುಟವನ್ನು ಎರಡು ಮೂರು ಭಾಷೆಗಳಲ್ಲಿ ಕೊಡುವ ಏರ್ಪಾಡು ಡ್ರುಪಾಲ್ ಮತ್ತು ಜೂಮ್ಲಾಗಳ ಮೂಲರಚನೆಯಲ್ಲಿಯೇ ಉಂಟು. ವರ್ಡ್‌ಪ್ರೆಸ್ಸಿಗೆ ಅದನ್ನು ಹೊರಗಿನಿಂದ ಸೇರಿಸಬೇಕು. ಉರ್ದು ಬಲದಿಂದ ಎಡಕ್ಕೆ ಓಡುವ ಲಿಪಿಯಾದ್ದರಿಂದ ಪುಟದ ವಿನ್ಯಾಸವೂ ಅದಕ್ಕೆ ಒಗ್ಗಬೇಕಾಗುತ್ತದೆ.

ಮೂರನೆಯ ಪ್ರಶ್ನೆ, ಕಟ್ಟಿದ್ದನ್ನು ನೋಡಿಕೊಳ್ಳುವವರು ಯಾರು? ಭಾವಿ ತೋಡಿದಷ್ಟಕ್ಕೇ ಕೆಲಸ ಮುಗಿಯುವುದಿಲ್ಲ, ವರ್ಷವರ್ಷವೂ ಹೂಳೆತ್ತಬೇಕು. ಈ ತಂತ್ರಾಂಶಗಳಿಗೂ ಆಗಾಗ ಸುಧಾರಿತ ಆವೃತ್ತಿಗಳು ಬರುತ್ತವೆ. ಅವನ್ನು ಅಳವಡಿಸದೆ ಬಿಟ್ಟರೆ ಹಳೆಯ ಬಿರುಕುಗಳ ಮೂಲಕ ಕಳ್ಳರು ಒಳನುಗ್ಗುತ್ತಾರೆ. ವರ್ಡ್‌ಪ್ರೆಸ್ಸಿನಲ್ಲಿ ಅಪಾಯ ಬಹುಮಟ್ಟಿಗೆ ಬರುವುದು ಅದರ ಮೂಲದಿಂದಲ್ಲ, ಆಸೆಗೆ ಬಿದ್ದು ಸೇರಿಸಿಕೊಂಡ ಹೆಚ್ಚುವರಿ ಸಾಧನಗಳಿಂದ. ಡ್ರುಪಾಲ್ ಬಲಶಾಲಿಯಾದರೂ ಅದನ್ನು ಬಲ್ಲವರು ತಾಲ್ಲೂಕು ಕೇಂದ್ರದಲ್ಲಿ ಸಿಗುವುದು ಕಷ್ಟ. ತಾಣ ಕಟ್ಟಿದ ಅಧ್ಯಾಪಕರಿಗೆ ನಾಳೆ ವರ್ಗವಾದರೆ ಮುಂದೇನು? ಹಾಗಾಗಿ ನಮ್ಮ ಶಕ್ತಿಗಿಂತ ಒಂದು ಮೆಟ್ಟಿಲು ಕೆಳಗಿನದನ್ನೇ ಆರಿಸಿಕೊಳ್ಳುವುದು ಜಾಣತನ. ತಾಣದ ಹೆಸರನ್ನು ವ್ಯಕ್ತಿಯ ಹೆಸರಿನಲ್ಲಿ ಕೊಳ್ಳದೆ ಸಂಸ್ಥೆಯ ಹೆಸರಿನಲ್ಲಿ ಕೊಳ್ಳಬೇಕು. ಗುಪ್ತಪದ ಇಬ್ಬರ ಬಳಿಯಾದರೂ ಇರಬೇಕು. ವರ್ಷದ ಬಾಡಿಗೆ ಕಟ್ಟುವ ದಿನವನ್ನು ಗೋಡೆಯ ಮೇಲೆ ಬರೆದಿಡಬೇಕು.

ನಾಲ್ಕನೆಯ ಪ್ರಶ್ನೆಯೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು: ಈ ಮನೆಯಿಂದ ಹೊರಬರುವ ಬಾಗಿಲು ಎಲ್ಲಿದೆ? ಯಾವ ವ್ಯವಸ್ಥೆಯೂ ಶಾಶ್ವತವಲ್ಲ. ಸಾಮಾನ್ಯ ಜನರು ತಮ್ಮ ಕೈಯಾರೆ ಪುಟಗಳನ್ನು ಕಟ್ಟಿಕೊಂಡಿದ್ದ ಜಿಯೋಸಿಟೀಸ್ ಎಂಬ ಬೃಹತ್ ತಾಣವನ್ನು ಅದರ ಒಡೆತನದ ಯಾಹೂ ಸಂಸ್ಥೆ 2009ರಲ್ಲಿ ಮುಚ್ಚಿದಾಗ ಲಕ್ಷಾಂತರ ಪುಟಗಳು ನೆಲೆ ಕಳೆದುಕೊಂಡವು. ಅವುಗಳಲ್ಲಿ ಬಹಳಷ್ಟನ್ನು ಉಳಿಸಿಕೊಂಡವರು ಇಂಟರ್ನೆಟ್ ಆರ್ಕೈವ್ ಮೊದಲಾದ ಸಂಗ್ರಾಹಕರು. ವರ್ಡ್‌ಪ್ರೆಸ್ ಮತ್ತು ಮೀಡಿಯಾವಿಕಿಗಳು ತಮ್ಮಲ್ಲಿರುವ ಬರಹವನ್ನು ಬೇರೆ ಯಂತ್ರಗಳೂ ಓದಬಲ್ಲ ಸಾದಾ ಕಡತವಾಗಿ ಹೊರಕ್ಕೆ ಕೊಡುತ್ತವೆ. ಆದರೆ ಕೊಡುತ್ತವೆ ಎಂದು ಕೇಳಿ ತಿಳಿದರೆ ಸಾಲದು. ಹತ್ತು ಪದ ಹಾಕಿದ ಕೂಡಲೇ ಅವನ್ನು ಹೊರತೆಗೆದು, ಇನ್ನೊಂದು ಗಣಕದಲ್ಲಿ ತೆರೆದು, ಕನ್ನಡ ಕೆಡದೆ ಬಂದಿದೆಯೇ ಎಂದು ನೋಡಬೇಕು. ಆ ಪರೀಕ್ಷೆಯಲ್ಲಿ ಗೆಲ್ಲದ ವ್ಯವಸ್ಥೆ ಎಷ್ಟೇ ಅಂದವಾಗಿರಲಿ, ನಮಗೆ ಬೇಡ.

ಈ ನಾಲ್ಕನ್ನೂ ಕೂಡಿಸಿ ನೋಡಿದಾಗ ನನಗೆ ಹೊಳೆದ ಮಾತು ಇಷ್ಟೆ: ಮೊದಲು ಆರಿಸಬೇಕಾದುದು ವ್ಯವಸ್ಥೆಯನ್ನಲ್ಲ. ಮೊದಲು ಒಂದು ಸಾಧಾರಣ ಕೋಷ್ಟಕ ಮಾಡಿ, ಪಲ್ಲವಿ, ಪೂರ್ಣಪಾಠ, ಅಂಕಿತ, ಕರ್ತೃ, ಹಾಡಿದವರು, ಊರು, ದಿನ, ಪಾಠಾಂತರ ಎಂಬ ಎಂಟು ಅಂಕಣಗಳಲ್ಲಿ ಯೂನಿಕೋಡಿನಲ್ಲಿ ತುಂಬುತ್ತ ಹೋಗಬೇಕು. ಹಾಡಿದವರ ಒಪ್ಪಿಗೆಯನ್ನೂ ಅಲ್ಲಿಯೇ ಗುರುತು ಮಾಡಿಕೊಳ್ಳಬೇಕು. ಪದ ಹಳೆಯದಾದರೂ ದನಿ ಅವರದು. ಇಂಥ ಕೋಷ್ಟಕವನ್ನು ಇಂದಿನ ಯಾವ ವ್ಯವಸ್ಥೆಗೆ ಬೇಕಾದರೂ ಸೇರಿಸಬಹುದು, ನಾಳೆ ಬರುವುದಕ್ಕೂ ಸೇರಿಸಬಹುದು. ಅದರ ಮೂರು ಪ್ರತಿಗಳು ಮೂರು ಊರುಗಳಲ್ಲಿ ಇದ್ದರೆ ತಾಣ ಮುಳುಗಿದರೂ ಪದ ಮುಳುಗುವುದಿಲ್ಲ.

ನಮ್ಮ ಮುಚ್ಚಿಹೋದ ತಾಣದ ಪದಗಳನ್ನು ವಿದ್ಯಾರ್ಥಿಗಳು ಮತ್ತೆ ನೋಟುಬುಕ್ಕುಗಳಿಂದ ಬೆರಳಚ್ಚು ಮಾಡಿ ಈಗ ಒಮೆಕಾದಲ್ಲಿ ಇಡುತ್ತಿದ್ದಾರೆ. ಆದರೆ ಒಂದು ನೋಟುಬುಕ್ಕು ಆ ನಡುವೆ ಕಳೆದುಹೋಗಿತ್ತು. ಅದರ ಒಡೆಯರಾಗಿದ್ದ ಮುದುಕರು ತೀರಿಕೊಂಡ ಮೇಲೆ ಅದು ಎಲ್ಲಿ ಹೋಯಿತೋ ಮನೆಯವರಿಗೂ ತಿಳಿಯದು. ಅದರಲ್ಲಿದ್ದ ಹನ್ನೊಂದು ಪದಗಳ ಪಲ್ಲವಿಗಳು ಮಾತ್ರ ಒಬ್ಬ ಹುಡುಗಿ ತನ್ನ ಅನುಕೂಲಕ್ಕೆಂದು ಮಾಡಿಕೊಂಡಿದ್ದ ಒಂದು ಪಟ್ಟಿಯಲ್ಲಿ ಉಳಿದಿದ್ದವು. ಆ ಪಟ್ಟಿ ಹಿಡಿದು ಊರೂರು ಕೇಳುತ್ತ ಹೋದಾಗ ಅಫಜಲಪುರದ ಕಡೆಯ ಒಬ್ಬ ಅಜ್ಜಿ ಎರಡನ್ನು ಪೂರ್ತಿಯಾಗಿ ಹಾಡಿದರು. ಉಳಿದ ಒಂಬತ್ತರ ಎದುರು ಪೂರ್ಣಪಾಠದ ಮನೆ ಇನ್ನೂ ಖಾಲಿ ಇದೆ.

(ಆಕಾಶವಾಣಿ ಭಾಷಣ)