ಹರಿಯುವ ನೀರಿನಲ್ಲಿ ಮಣ್ಣಿನ ಕಣಗಳೂ ಕೆರೆಯ ಗೋಡೂ

ಮುಂಗಾರಿನ ಮೊದಲ ಬಿರುಮಳೆಗೆ ಹಳ್ಳಗಳು ಕೆಂಪಾಗಿ ಹರಿಯುವುದನ್ನು ರೈತರೆಲ್ಲರೂ ಕಂಡಿರುವರು. ಆ ಬಣ್ಣವು ಹೊಲಗಳ ಮೇಲ್ಮಣ್ಣಿನಿಂದ ಬಂದುದು. ಈ ಮಣ್ಣು ನೀರಿನೊಡನೆ ಹೇಗೆ ಸಾಗಿ ಎಲ್ಲಿ ನಿಲ್ಲುವುದೆಂಬುದನ್ನು ಅರಿತರೆ ಕೆರೆಯ ಗೋಡನ್ನು ಹೆಚ್ಚು ಪ್ರಯೋಜನಕರವಾಗಿ ಬಳಸಬಹುದು.

ಮಣ್ಣಿನಲ್ಲಿ ಮರಳು, ರೇವೆ, ಜೇಡಿ ಎಂಬ ಮೂರು ತರದ ಕಣಗಳುಂಟು. ಗಾಜಿನ ಪಾತ್ರೆಯಲ್ಲಿ ಹಿಡಿಮಣ್ಣನ್ನು ಹೆಂಟೆಯಿಲ್ಲದಂತೆ ನೀರಿನಲ್ಲಿ ಕದಡಿ ಇಟ್ಟರೆ, 0.2 ಮಿಲಿಮೀಟರ್ ದಪ್ಪದ ಮರಳಿನ ಕಣವು ಕೆಲವೇ ಸೆಕೆಂಡುಗಳಲ್ಲಿ 4 ಅಂಗುಲ ಇಳಿಯುವುದು. 0.02 ಮಿಲಿಮೀಟರ್ ದಪ್ಪದ ರೇವೆಯ ಕಣಕ್ಕೆ ಸುಮಾರು 5 ನಿಮಿಷವೂ, 0.002 ಮಿಲಿಮೀಟರ್ ದಪ್ಪದ ಜೇಡಿಯ ಕಣಕ್ಕೆ ಸುಮಾರು 8 ಗಂಟೆಯೂ ಬೇಕು. ನವುರಾದ ಕಣಗಳ ದಪ್ಪವು ಹತ್ತರಲ್ಲೊಂದು ಪಾಲಾದರೆ ಅವು ಇಳಿಯುವ ವೇಗವು ನೂರರಲ್ಲೊಂದು ಪಾಲಾಗುವುದು. ಈ ನಿಯಮವು 1851ರಲ್ಲಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಎಂಬ ವಿಜ್ಞಾನಿಯಿಂದ ಪ್ರಕಟವಾಯಿತು.

ಹರಿಯುವ ನೀರಿನ ಸುಳಿಗಳು ಕಣಗಳನ್ನು ಮತ್ತೆ ಮತ್ತೆ ಮೇಲಕ್ಕೆತ್ತುವುವು. ರಭಸವಿರುವವರೆಗೆ ಮರಳು ತಳದಲ್ಲಿ ಉರುಳುತ್ತ ನೆಗೆಯುತ್ತ ಸಾಗುವುದು. ರಭಸ ತಗ್ಗಿದೊಡನೆ ದಪ್ಪ ಕಣಗಳು ಮೊದಲು ನಿಲ್ಲುವುವು. ಆದುದರಿಂದಲೇ ಹಳ್ಳವು ಕೆರೆಗೆ ಸೇರುವೆಡೆಯಲ್ಲಿ ಮರಳೂ, ಅಂಗಳದ ನಡುವೆ ರೇವೆಯೂ, ನೀರು ನಿಶ್ಚಲವಾಗಿರುವ ಏರಿಯ ಕಡೆಗೆ ಜೇಡಿಯೂ ಹೆಚ್ಚಾಗಿ ಕೂಡುವುವು. ಸಸ್ಯಾಹಾರದ ಬಹುಪಾಲು ಜೇಡಿಯನ್ನೇ ಅಂಟಿಕೊಂಡಿರುವುದು.

ಗೋಡು ಹೊಡೆಯುವವರು ಗಮನಿಸತಕ್ಕ ಅಂಶಗಳು:

1. ಅಗೆಯುವ ಮೊದಲು ಎರಡು ಮೂರು ಕಡೆಯ ಮಣ್ಣನ್ನು ಮೇಲೆ ಹೇಳಿದಂತೆ ಕದಡಿ ನೋಡಬೇಕು. ಬೇಗನೆ ತಳಕ್ಕೆ ಕೂತು ನೀರು ತಿಳಿಯಾದರೆ ಅದರಲ್ಲಿ ಮರಳೇ ಹೆಚ್ಚು. ಅದನ್ನು ಗಾಡಿಯಲ್ಲಿ ಸಾಗಿಸುವುದು ವ್ಯರ್ಥ ವೆಚ್ಚ.

2. ಮರಳು ಮಿಶ್ರಿತ ಕೆಂಪು ಭೂಮಿಗೆ ಜಿಗುಟಾದ ಗೋಡು ಉತ್ತಮ. ಅದು ತೇವವನ್ನು ಹಿಡಿದಿಡುವುದು. ನೀರು ಬಸಿಯದ ಎರೆಭೂಮಿಗೆ ಅದು ತಕ್ಕುದಲ್ಲ.

3. ಏರಿಯ ಬುಡವನ್ನು ಎಂದಿಗೂ ಅಗೆಯಕೂಡದು.

4. ಬೇಸಗೆಯಲ್ಲಿ ಹೊಡೆದ ಗೋಡು ಒಣಗಿ ಪುಡಿಯಾದ ಮೇಲೆ ಸಮನಾಗಿ ಹರಡಿ, ಮೊದಲ ಮಳೆಗೆ ಉಳತಕ್ಕದ್ದು.

ಕೆರೆಗಳಲ್ಲಿ ನಡೆಯುವುದೇ ದೊಡ್ಡ ಜಲಾಶಯಗಳಲ್ಲಿಯೂ ನಡೆಯುವುದು. 1953ರಲ್ಲಿ ಸುಮಾರು 133 ಶತಕೋಟಿ ಘನ ಅಡಿ ನೀರು ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯವು 2016ರ ಅಳತೆಯಲ್ಲಿ ಸುಮಾರು 106 ಶತಕೋಟಿಗೆ ಇಳಿದಿತ್ತು. ಹೂಳು ತುಂಬಿದಷ್ಟೂ ಅಚ್ಚುಕಟ್ಟಿಗೆ ನೀರು ಕಡಮೆ.

ಇಳಿಜಾರಿಗೆ ಅಡ್ಡಲಾಗಿ ಉಳುವುದರಿಂದಲೂ, ಬದುಗಳಿಂದಲೂ, ಹುಲ್ಲಿನ ಪಟ್ಟಿಗಳಿಂದಲೂ ನೀರಿನ ರಭಸ ಮುರಿದು ಮರಳೂ ರೇವೆಯೂ ಹೊಲದಲ್ಲಿಯೇ ಉಳಿಯುವುವು. ಆದರೆ 4 ಅಂಗುಲ ಇಳಿಯಲು 8 ಗಂಟೆ ಹಿಡಿಯುವ ಜೇಡಿಯು ಒಮ್ಮೆ ನೀರಿನಲ್ಲಿ ಕದಡಿತೆಂದರೆ ಯಾವ ಬದುವೂ ಅದನ್ನು ಪೂರ್ಣವಾಗಿ ತಡೆಯಲಾರದು. ಅದು ಕದಡದಂತೆ ನೋಡಿಕೊಳ್ಳುವುದೇ ಉಪಾಯ. ಮಳೆಹನಿಗಳು ಬರಿನೆಲಕ್ಕೆ ಬಡಿಯದಂತೆ ಹುರುಳಿ, ಅಲಸಂದೆಗಳಂತಹ ನೆಲ ಮುಚ್ಚುವ ಬೆಳೆಯನ್ನಾಗಲಿ, ತರಗು ಕೂಳೆಗಳನ್ನಾಗಲಿ ಹೊಲದ ಮೇಲಿರಿಸಿದ ರೈತನು ತನ್ನ ಭೂಸಾರವನ್ನೂ ಊರಿನ ಕೆರೆಯನ್ನೂ ಒಟ್ಟಿಗೆ ಕಾಪಾಡಿದಂತಾಗುವುದು.