ಹೊಸ ಬೈಕನ್ನು ಘಟ್ಟಕ್ಕೆ ಒಗ್ಗಿಸುವುದು



ಬಣ್ಣಾರಿ ಅಮ್ಮನ ಗುಡಿ ದಾಟಿ ದಿಂಬಂ ಕಡೆಗೆ ಹತ್ತುವ ರಸ್ತೆಯಲ್ಲಿ 27 ತಿರುವುಗಳಿವೆ. ಇಂಥ ತಿರುವಿಗೆ ತಮಿಳಿನಲ್ಲಿ 'ಕೊಂಡೈ ಊಸಿ ವಳೈವು' ಎನ್ನುತ್ತಾರೆ. ಕೊಂಡೈ ಎಂದರೆ ತುರುಬು, ಊಸಿ ಎಂದರೆ ಸೂಜಿ. ತುರುಬಿಗೆ ಸಿಕ್ಕಿಸುವ ಪಿನ್ನಿನ ಹಾಗೆ ಮಡಚಿಕೊಂಡ ರಸ್ತೆ. ತಾಳವಾಡಿ ಸೀಮೆಯವರಾದ ನಮಗೆ ಸತ್ಯಮಂಗಲದಲ್ಲಿ ಏನೇ ಕೆಲಸವಿರಲಿ, ಈ ಪಿನ್ನುಗಳನ್ನು ಒಂದೊಂದಾಗಿ ಇಳಿದು, ಮತ್ತೆ ಒಂದೊಂದಾಗಿ ಹತ್ತಿ ಬರಬೇಕು.

ಇವತ್ತು ನಾನು ಮಾತಾಡಬೇಕೆಂದಿರುವುದು ಹೊಸ ಬೈಕಿನ ವಿಚಾರ. ಯಾವ ಕಂಪನಿಯದು ಒಳ್ಳೆಯದು, ಲೀಟರಿಗೆ ಎಷ್ಟು ಓಡುತ್ತದೆ ಎಂಬ ಮಾತಲ್ಲ. ಅದು ಟೀ ಅಂಗಡಿಯಲ್ಲಿ ಬೇಕಾದಷ್ಟು ನಡೆಯುತ್ತದೆ. ಬೈಕು ಮನೆಗೆ ಬಂದು, ಪೂಜೆ ಮುಗಿದು, ಚಕ್ರದಡಿ ನಿಂಬೆಹಣ್ಣು ಸಿಡಿದ ಮೇಲೆ ಅದನ್ನು ನಮ್ಮ ಮೈತೂಕಕ್ಕೆ, ನಮ್ಮ ಮೂಟೆಗೆ, ನಮ್ಮ ರಸ್ತೆಗೆ ಹೊಂದಿಸಿಕೊಳ್ಳುವುದು ಹೇಗೆ ಎಂಬ ಮಾತು.

ನಾನು ಇದನ್ನು ಕಲಿತದ್ದು ಹೆದರಿಕೆಯಿಂದ. ಬೈಕು ತಂದು ಇನ್ನೂ ತಿಂಗಳಾಗಿರಲಿಲ್ಲ. ಸತ್ಯಮಂಗಲದಿಂದ ಮನೆಗೆ ಬರುತ್ತಿದ್ದೆವು. ಹಿಂದೆ ಮನೆಯವಳು, ಅವಳ ಹಿಂದೆ ಕ್ಯಾರಿಯರಿಗೆ ಕಟ್ಟಿದ 25 ಕಿಲೋ ಮೂಟೆ. ಎಡಕ್ಕೆ ಹತ್ತುವ ಒಂದು ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಿದರೂ ಬೈಕು ತಿರುಗಲಿಲ್ಲ. ಮುಂದಿನ ಚಕ್ರ ನೆಲವನ್ನು ಸುಮ್ಮನೆ ಸವರಿಕೊಂಡು ಹೋದಂತಾಯಿತು. ನಡುಗೆರೆ ದಾಟಿ ಬಲಕ್ಕೆ ಹೋದೆ. ಎದುರಿಗೆ ಲಾರಿ. ಅದು ಮೊದಲ ಗೇರಿನಲ್ಲಿ ಇಳಿಯುತ್ತಿದ್ದರಿಂದ ನಿಂತಿತು. ಚಾಲಕ ಬೈದದ್ದೂ ನನಗೆ ಕೇಳಿಸಲಿಲ್ಲ, ಕಿವಿಯಲ್ಲಿ ಬರೀ ಎದೆಯ ಬಡಿತ. ಮೂಟೆ ಬಿಚ್ಚಿ ರಸ್ತೆ ಬದಿಗಿಟ್ಟು ಇಬ್ಬರೂ ಬಹಳ ಹೊತ್ತು ಕೂತೆವು. ವೇಗ ಹೆಚ್ಚಿರಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಹೆದರಿಸಿದ್ದು.

ಹಾಸನೂರಿನಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ಕಿಗೆ ತೋರಿಸಿದೆ. "ಅಣ್ಣಾ, ಹೊಸ ಗಾಡಿ, ಏನೋ ದೋಷ ಇದೆ" ಎಂದೆ. ಆತ ಬೈಕಿನ ಕಡೆ ನೋಡಲೇ ಇಲ್ಲ, ಮೂಟೆಯ ಕಡೆ ನೋಡಿದ. "ಗಾಡಿ ಮಾಡಿದವನಿಗೆ ನಿನ್ನ ಮೂಟೆ ಗೊತ್ತೇನಪ್ಪಾ?" ಎಂದು ಕೇಳಿದ.

ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಡಿಗೆ ಹಿಂಭಾರವಾದರೆ ನೊಗ ಎತ್ತಿನ ಕುತ್ತಿಗೆಯಿಂದ ಮೇಲೇಳುತ್ತದೆ; ಎತ್ತಿಗೆ ಹಿಡಿತ ತಪ್ಪುತ್ತದೆ. ಮುಂಭಾರವಾದರೆ ಕುತ್ತಿಗೆ ನೆಲಕ್ಕೆ ಬಗ್ಗುತ್ತದೆ. ಬೈಕಿನಲ್ಲಿ ತಿರುಗಿಸುವ ಕೆಲಸ ಮುಂದಿನ ಚಕ್ರದ್ದು. ಹಿಂದಿನ ಅಚ್ಚಿಗಿಂತ ಹಿಂದಕ್ಕೆ ಮೂಟೆ ಕಟ್ಟಿದರೆ ಅದು ಸನ್ನೆಕೋಲಿನಂತೆ ಮುಂದಿನ ಚಕ್ರವನ್ನು ಎತ್ತುತ್ತದೆ. ಹಿಂದಿನ ಸ್ಪ್ರಿಂಗು ಕುಗ್ಗಿ ಬೈಕು ಕುಂಡಿ ಊರಿ ಕೂತಾಗ ಮುಂದಿನ ಫೋರ್ಕು ಇನ್ನಷ್ಟು ಓರೆಯಾಗಿ ಚಾಚಿಕೊಳ್ಳುತ್ತದೆ. ಹಾಗೆ ಚಾಚಿದ ಬೈಕು ನೇರಕ್ಕೆ ಚೆನ್ನಾಗಿ ಓಡುತ್ತದೆ, ತಿರುವಿಗೆ ಬಗ್ಗುವುದಿಲ್ಲ. ಏರಿನಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಭಾರ ಮತ್ತೂ ಹಿಂದಕ್ಕೆ ಸರಿಯುತ್ತದೆ. ಈ ಮೂರೂ ಒಟ್ಟಿಗೆ ಸೇರಿದ್ದರಿಂದಲೇ ನಾನು ನಡುಗೆರೆ ದಾಟಿದ್ದು.

ಹಾಗಾದರೆ ಮಾಡುವುದೇನು? ಹಿಂದಿನ ಎರಡು ಶಾಕ್ ಅಬ್ಸಾರ್ಬರುಗಳ ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಒಂದು ರಿಂಗ್ ಇರುತ್ತದೆ. ಸಾಮಾನ್ಯವಾಗಿ ಐದು ಮೆಟ್ಟಿಲು. ಸೀಟಿನ ಕೆಳಗಿನ ಟೂಲ್ ಕಿಟ್ಟಿನಲ್ಲಿ ಕೊಕ್ಕೆಯ ಆಕಾರದ ಸ್ಪ್ಯಾನರ್ ಇದ್ದರೆ ಅದು ಈ ರಿಂಗಿಗಾಗಿಯೇ. ಅಂಗಡಿಯಿಂದ ಬರುವಾಗ ನನ್ನ ಬೈಕಿನ ರಿಂಗು ಎರಡನೆಯ ಮೆಟ್ಟಿಲಲ್ಲಿತ್ತು. ಒಬ್ಬನೇ ಓಡಿಸುವವನಿಗೆ ಸರಿ. ಎರಡೂ ಕಡೆಯ ರಿಂಗು ಒಂದೇ ಮೆಟ್ಟಿಲಲ್ಲಿರಬೇಕು, ಒಂದು ಮೇಲೆ ಒಂದು ಕೆಳಗೆ ಆಗಕೂಡದು. ಕೆಲವು ಬೈಕಿಗೆ ಸೀಟಿನಡಿ ಒಂದೇ ಶಾಕ್ ಇರುತ್ತದೆ, ಅದಕ್ಕೂ ಬಹುಮಟ್ಟಿಗೆ ಇಂಥದೇ ರಿಂಗು.

ರಿಂಗನ್ನು ಮೇಲೇರಿಸುವುದಕ್ಕೆ ನಮ್ಮಲ್ಲಿ 'ಸ್ಪ್ರಿಂಗ್ ಗಟ್ಟಿ ಮಾಡುವುದು' ಎನ್ನುತ್ತಾರೆ. ಆ ಮಾತು ಸರಿಯಲ್ಲ. ಸ್ಪ್ರಿಂಗು ಅದೇ ಸ್ಪ್ರಿಂಗು, ಅದರ ಬಿಗುವು ಬದಲಾಗುವುದಿಲ್ಲ. ಅದು ನಿಲ್ಲುವ ಎತ್ತರ ಮಾತ್ರ ಬದಲಾಗುತ್ತದೆ. ಕುಗ್ಗಿ ಕೂತ ಬೈಕನ್ನು ಎತ್ತಿ ಮೊದಲಿನ ಮಟ್ಟಕ್ಕೆ ತರುವುದಷ್ಟೇ ರಿಂಗಿನ ಕೆಲಸ.

ಎಷ್ಟು ಎತ್ತಬೇಕು ಎಂಬುದನ್ನು ಅಂದಾಜಿಗೆ ಬಿಡಬೇಡಿ, ಅಳತೆಪಟ್ಟಿ ಹಿಡಿಯಿರಿ. ಬೈಕನ್ನು ನಡು ಸ್ಟ್ಯಾಂಡಿಗೆ ಹಾಕಿ, ಹಿಂದಿನ ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಅಚ್ಚಿನ ನಟ್ಟಿನಿಂದ ನೇರ ಮೇಲಕ್ಕೆ ಸೀಟಿನ ಕೆಳಗೆ ಮಾಡಿದ ಒಂದು ಗುರುತಿನವರೆಗೆ ಅಳೆಯಿರಿ. ಆಮೇಲೆ ಸ್ಟ್ಯಾಂಡ್ ಇಳಿಸಿ, ನೀವು ಹತ್ತಿ ಕೂತು, ಇನ್ನೊಬ್ಬರಿಂದ ಅದೇ ಅಳತೆ ತೆಗೆಸಿ. ಎರಡರ ವ್ಯತ್ಯಾಸವೇ ಕುಗ್ಗು. ಹಿಂದಿನ ಚಕ್ರ ಒಟ್ಟು ಮೇಲೆ ಕೆಳಗೆ ಆಡುವ ದೂರದಲ್ಲಿ ಈ ಕುಗ್ಗು ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇದ್ದರೆ ಸರಿ. ನನ್ನ ಬೈಕಿನ ಚಕ್ರ ಆಡುವುದು ಸುಮಾರು 85 ಮಿಲಿಮೀಟರ್. ನಾನೊಬ್ಬನೇ ಕೂತಾಗ 25 ಕುಗ್ಗಿತು, ಏನೂ ತೊಂದರೆಯಿಲ್ಲ. ಮನೆಯವಳು, ಮೂಟೆ ಸೇರಿದಾಗ 57. ಅಂದರೆ ಮೂರರಲ್ಲಿ ಎರಡು ಪಾಲು ಭಾರ ಹೊರುವುದಕ್ಕೇ ಮುಗಿದು, ರಸ್ತೆಯ ಗುಂಡಿಗೆಂದು ಉಳಿದದ್ದು ಒಂದೇ ಪಾಲು. ರಿಂಗನ್ನು ಐದನೆಯ ಮೆಟ್ಟಿಲಿಗೆ ಏರಿಸಿದ ಮೇಲೆ 43ಕ್ಕೆ ಬಂತು. ಅದೂ ಹೆಚ್ಚೇ. ಉಳಿದದ್ದನ್ನು ಮೂಟೆಯ ಜಾಗ ಬದಲಿಸಿ ಸರಿ ಮಾಡಿಕೊಂಡೆವು. ಎರಡು ಚೀಲ ಮಾಡಿ, ಸೀಟಿನ ಎರಡು ಮಗ್ಗುಲಿಗೆ, ಅಚ್ಚಿಗಿಂತ ಮುಂದಕ್ಕೆ, ಸೈಲೆನ್ಸರಿಗೆ ತಾಗದಂತೆ ಆದಷ್ಟು ಕೆಳಗೆ ಇಳಿಬಿಟ್ಟೆವು. ಅದೇ ತಿರುವು, ಅದೇ ಭಾರ. ಹ್ಯಾಂಡಲ್ ಹೇಳಿದ ಮಾತು ಕೇಳಿತು.

ಮಾರನೆಯ ದಿನ ಒಬ್ಬನೇ ಹೊರಟಾಗ ರಿಂಗನ್ನು ಇಳಿಸಲು ಮರೆತೆ. ಹಿಂಭಾಗ ಎತ್ತರವಾಗಿ, ಮುಂಭಾಗ ತಗ್ಗಿ, ಬೈಕು ಚಂಚಲವಾದ ಕರುವಿನ ಹಾಗೆ ಆ ಕಡೆ ಈ ಕಡೆ ಎಗರಾಡಿತು. ಭಾರ ಇಳಿಸಿದ ದಿನ ರಿಂಗನ್ನೂ ಇಳಿಸಬೇಕು.

ಇಷ್ಟೆಲ್ಲ ಹೇಳಿದೆ, ಆದರೆ ಸ್ಪ್ರಿಂಗಿಗೂ ಮೊದಲು ನೋಡಬೇಕಾದದ್ದು ಗಾಳಿ. ಗಾಳಿ ತಪ್ಪಿದ್ದರೆ ಉಳಿದ ಯಾವ ಅಳತೆಯೂ ನಿಜ ಹೇಳುವುದಿಲ್ಲ. 100ರಿಂದ 125 ಸಿಸಿಯ ಬಹಳಷ್ಟು ಬೈಕುಗಳಿಗೆ ಮುಂದೆ 25 ಪೌಂಡ್ ಆಸುಪಾಸು. ಹಿಂದೆ ಒಬ್ಬರಿಗೆ ಒಂದು ಲೆಕ್ಕ, ಇಬ್ಬರಿಗೆ ಅದಕ್ಕಿಂತ ಹೆಚ್ಚು. ನಿಮ್ಮ ಬೈಕಿನ ಸರಿಯಾದ ಲೆಕ್ಕ ಕೈಪಿಡಿಯಲ್ಲಿರುತ್ತದೆ, ಹಲವು ಬೈಕುಗಳಲ್ಲಿ ಚೀಟಿಯನ್ನೂ ಅಂಟಿಸಿರುತ್ತಾರೆ. ನನಗೆ ಕೊಟ್ಟ ಕೈಪಿಡಿಯಲ್ಲಿ ಕನ್ನಡವಿರಲಿಲ್ಲ. ಆದರೂ ಅಂಕಿಗೆ ಭಾಷೆಯಿಲ್ಲವಲ್ಲ. ಸಂಖ್ಯೆ ಇರುವ ಪುಟಗಳನ್ನಾದರೂ ಶಾಲೆಗೆ ಹೋಗುವ ಮಗನಿಂದಲೋ ಮಗಳಿಂದಲೋ ಓದಿಸಿ ಗೋಡೆಗೆ ಬರೆಸಿಡಿ. ಗಾಳಿ ನೋಡುವುದು ಟಯರ್ ತಣ್ಣಗಿರುವಾಗ. ಬಿಸಿಲಿನಲ್ಲಿ ಓಡಿ ಬಂದ ಟಯರ್ ಕೆಲವು ಪೌಂಡ್ ಹೆಚ್ಚು ತೋರಿಸುತ್ತದೆ. ಅದನ್ನು ನಂಬಿ ಗಾಳಿ ಬಿಟ್ಟರೆ ಬೆಳಿಗ್ಗೆ ಕಡಿಮೆಯಾಗಿರುತ್ತದೆ. ಹೊಸ ಟಯರಿನ ಮೈ ಜಾರು. ಮೊದಲ ನೂರೈವತ್ತು ಕಿಲೋಮೀಟರ್ ಒದ್ದೆ ರಸ್ತೆಯಲ್ಲಿ ಬಗ್ಗಿಸಿ ಓಡಿಸಬೇಡಿ.

ಹ್ಯಾಂಡಲ್, ಲೀವರುಗಳ ಓರೆಯನ್ನು ನಿಮ್ಮ ತೋಳಿಗೆ ತಕ್ಕಂತೆ ತಿರುಗಿಸಿಕೊಳ್ಳಿ: ಬೆರಳು ಚಾಚಿದಾಗ ಮಣಿಕಟ್ಟು ಮುರಿಯದೆ ನೇರವಿರಬೇಕು. ಇದು ಎರಡು ನಟ್ಟಿನ ಕೆಲಸ, ಅಂಗಡಿಯಲ್ಲೇ ಕೇಳಿ ಮಾಡಿಸಿಕೊಳ್ಳಬಹುದು.

ಚೈನಿನ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು. ಹೊಸ ಚೈನ್ ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಸಡಿಲವಾಗುತ್ತದೆ. ಕೆಳಗಿನ ಎಳೆಯ ನಡುವೆ ಬೆರಳಿನಿಂದ ಎತ್ತಿ ನೋಡಿದರೆ 20ರಿಂದ 30 ಮಿಲಿಮೀಟರ್ ಆಡುವುದು ಸಾಮಾನ್ಯ ಲೆಕ್ಕ. ಬಿಗಿ ಮಾಡುವವರು ಒಂದು ಮರೆಯುತ್ತಾರೆ: ಬೈಕಿನ ಮೇಲೆ ಭಾರ ಬಿದ್ದು ಚಕ್ರ ಮೇಲೆದ್ದಾಗ ಚೈನ್ ಇನ್ನೂ ಬಿಗಿಯಾಗುತ್ತದೆ. ಸ್ಟ್ಯಾಂಡಿನ ಮೇಲೆ ವೀಣೆ ತಂತಿಯಂತೆ ಬಿಗಿದರೆ ಭಾರ ಹೊತ್ತಾಗ ಸ್ಪ್ರಿಂಗಿಗೆ ಕುಗ್ಗಲು ಬಿಡುವುದಿಲ್ಲ. ಚೈನ್ ಬಿಗಿ ಮಾಡುವಾಗ ಚಕ್ರವನ್ನು ಹಿಂದಕ್ಕೆ ಎಳೆಯುತ್ತೇವೆ. ಎಡದ ಗೆರೆ ಎಷ್ಟೋ ಬಲದ ಗೆರೆಯೂ ಅಷ್ಟೇ ಇರಬೇಕು. ಇಲ್ಲದಿದ್ದರೆ ಚಕ್ರ ಓರೆಯಾಗಿ ಬೈಕು ಒಂದು ಮಗ್ಗುಲಿಗೆ ಎಳೆಯುತ್ತದೆ. ಗಾರೆ ಕೆಲಸದವರಂತೆ ನೂಲು ಹಿಡಿದು ಹಿಂದಿನ ಟಯರಿನಿಂದ ಮುಂದಿನ ಟಯರಿನವರೆಗೆ ಎರಡೂ ಕಡೆ ನೋಡಿದರೆ ಗೊತ್ತಾಗುತ್ತದೆ.

ಚಕ್ರ ಹಿಂದೆ ಸರಿದರೆ ಡ್ರಮ್ ಬ್ರೇಕಿನ ರಾಡೂ ಎಳೆದುಕೊಳ್ಳುತ್ತದೆ. ಆದ್ದರಿಂದ ಚೈನ್ ಮುಗಿದ ಮೇಲೆಯೇ ಬ್ರೇಕ್, ಮೊದಲು ಮಾಡಿದರೆ ಎರಡು ಸಲ ಮಾಡಬೇಕು. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಬೈಕುಗಳಿಗೆ ಜೋಡಿ ಬ್ರೇಕ್ ಇಲ್ಲವೇ ಎಬಿಎಸ್ ಕಡ್ಡಾಯವಾಯಿತು. ಜೋಡಿ ಬ್ರೇಕಿನಲ್ಲಿ ಹಿಂದಿನ ಪೆಡಲ್ ತುಳಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಅದರ ನಟ್ಟನ್ನು ನಾವೇ ತಿರುಗಿಸಿದರೆ ಆ ಪಾಲು ಏರುಪೇರಾಗಬಹುದು. ತಿಳಿದ ಮೆಕ್ಯಾನಿಕ್ಕಿಗೆ ಬಿಡುವುದು ವಾಸಿ.

ಮೊದಲ ಸರ್ವೀಸಿಗೆ ಹೋದಾಗ ಕೋನ್ ಸೆಟ್ ನೋಡಿ ಎಂದು ಬಾಯಿಬಿಟ್ಟು ಕೇಳಿ. ಹ್ಯಾಂಡಲಿನ ಬುಡದ ಗುಂಡುಗಳು ಹೊಸದರಲ್ಲಿ ತಮ್ಮ ಜಾಗಕ್ಕೆ ಕೂರುತ್ತ ಸಡಿಲವಾಗಬಹುದು. ಮುಂದಿನ ಚಕ್ರ ಎತ್ತಿ, ಫೋರ್ಕಿನ ತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದರೆ 'ಟಕ್' ಎನ್ನಬಾರದು. ಹಾಗೆಂದು ಅತಿಯಾಗಿ ಬಿಗಿದರೆ ನೇರ ರಸ್ತೆಯಲ್ಲೇ ಹಾವಿನಂತೆ ಓಲಾಡುತ್ತದೆ.

ಏನೇ ಬದಲಿಸಿದರೂ ಒಂದು ಸಲಕ್ಕೆ ಒಂದೇ ಬದಲಿಸಿ, ಅದೇ ರಸ್ತೆಯಲ್ಲಿ ಓಡಿಸಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ. ಗಾಳಿ, ರಿಂಗು, ಚೈನು ಮೂರನ್ನೂ ಒಂದೇ ಬೆಳಿಗ್ಗೆ ಬದಲಿಸಿದವನಿಗೆ ಬೈಕು ಸುಧಾರಿಸಿದರೂ ಯಾವುದರಿಂದ ಎಂದು ತಿಳಿಯುವುದಿಲ್ಲ, ಕೆಟ್ಟರೂ ತಿಳಿಯುವುದಿಲ್ಲ.

ಕೊನೆಗೆ ದೀಪ. ಹಿಂಭಾಗ ಕುಗ್ಗಿದ ಬೈಕಿನ ಬೆಳಕು ರಸ್ತೆ ಬಿಟ್ಟು ಮರದ ಕೊಂಬೆಗೆ ಬೀಳುತ್ತದೆ, ಎದುರು ಬರುವವನ ಕಣ್ಣಿಗೆ ಬೀಳುತ್ತದೆ. ಆನೆ ಓಡಾಡುವ ರಸ್ತೆ ನಮ್ಮದು. ಮುಸ್ಸಂಜೆಯಲ್ಲಿ ಬೆಳಕು ಬೇಕಾದದ್ದು ನೆಲದ ಮೇಲೆ. ಸಮತಟ್ಟಾದ ಅಂಗಳದಲ್ಲಿ ಗೋಡೆಯಿಂದ ಐದು ಮೀಟರ್ ದೂರ ನಿಲ್ಲಿಸಿ, ದೀಪದ ಎತ್ತರಕ್ಕೆ ಗೋಡೆಯ ಮೇಲೆ ಸುಣ್ಣದ ಗೆರೆ ಎಳೆಯಿರಿ. ಹೊರುವ ಭಾರವನ್ನೆಲ್ಲ ಹೊರಿಸಿ, ಹಿಂದೆ ಕೂರುವವರನ್ನೂ ಕೂರಿಸಿ, ಡಿಮ್ ಬೆಳಕು ಆ ಗೆರೆಗಿಂತ ನಾಲ್ಕು ಬೆರಳು ಕೆಳಗೆ ಬೀಳುವ ಹಾಗೆ ದೀಪದ ಸ್ಕ್ರೂ ತಿರುಗಿಸಿ. ನಮ್ಮ ಹಟ್ಟಿಯ ಗೋಡೆಯ ಮೇಲೆ ಆ ಗೆರೆ ಇನ್ನೂ ಇದೆ, ಪಕ್ಕದ ಮನೆಯವರೂ ತಮ್ಮ ಬೈಕು ತಂದು ಅಲ್ಲೇ ನಿಲ್ಲಿಸಿ ನೋಡಿಕೊಳ್ಳುತ್ತಾರೆ.